ಶಾಲೆ ಬಿಟ್ಟ ಮೇಲಿನ ಒಂದು ಗಂಟೆ

1936ರಲ್ಲಿ ಗಾಂಧೀಜಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದವನು ಆ ಶಾಲೆಯದೇ ಒಬ್ಬ ವಿದ್ಯಾರ್ಥಿ. ಹೆಸರು ನರಸಿಂಹಯ್ಯ, ಊರು ಗೌರಿಬಿದನೂರು ತಾಲ್ಲೂಕಿನ ಹೊಸೂರು. ಹಿಂದಿನ ವರ್ಷವಷ್ಟೇ ಪ್ರಯಾಣಕ್ಕೆ ಕಾಸಿಲ್ಲದೆ, ಊರ ಕಡೆಯಿಂದ ಬೆಂಗಳೂರಿಗೆ ಎರಡು ದಿನ ನಡೆದುಕೊಂಡೇ ಬಂದು ಇಲ್ಲಿ ಸೇರಿಕೊಂಡಿದ್ದ. ಗಾಂಧೀಜಿ ಬಂದ ದಿನ ಊರಿಗೆ ಊರೇ ಕಾದು ನಿಂತಿತ್ತು. ಅಷ್ಟು ದೊಡ್ಡ ಕೆಲಸವನ್ನು ಹಳ್ಳಿಯಿಂದ ಬಂದ ಬಡ ಹುಡುಗನೊಬ್ಬನಿಗೆ ಒಪ್ಪಿಸುವ ಧೈರ್ಯ ಆ ಶಾಲೆಗಿತ್ತು.

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಹಳೆಯ ಖಾಸಗಿ ಪ್ರೌಢಶಾಲೆಗಳ ವಿದ್ಯಾರ್ಥಿ ಸಂಘಗಳ ಬಗ್ಗೆ ಬರೆಯಲು ಹೊರಟರೆ ನನ್ನ ಮನಸ್ಸು ಮತ್ತೆ ಮತ್ತೆ ಈ ಹುಡುಗನ ಹತ್ತಿರವೇ ಹೋಗುತ್ತದೆ. ಕನ್ನಡ ಸಂಘ, ವಿಜ್ಞಾನ ಸಂಘ, ಚರ್ಚಾಕೂಟ, ನಾಟಕ, ಸ್ಕೌಟ್ಸ್: ಈ ಹೆಸರುಗಳೆಲ್ಲ ಶಾಲೆಯ ವಾರ್ಷಿಕ ವರದಿಯಲ್ಲಿ ಒಂದೊಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ಆದರೆ ನಾಲ್ಕು ಜನರ ಮುಂದೆ ನಿಂತು ಬಾಯಿ ಬಿಡುವುದನ್ನು ಮಕ್ಕಳು ಕಲಿತದ್ದು ಅಲ್ಲೇ.

ನ್ಯಾಷನಲ್ ಹೈಸ್ಕೂಲು ಶುರುವಾದದ್ದು 1917ರಲ್ಲಿ. ಆನಿ ಬೆಸೆಂಟ್ ಹೋಂ ರೂಲ್ ಚಳವಳಿ ನಡೆಸುತ್ತ ಬಂಧನಕ್ಕೊಳಗಾದ ವರ್ಷ ಅದು. ಆಕೆಯ ರಾಷ್ಟ್ರೀಯ ಶಿಕ್ಷಣದ ವಿಚಾರದಿಂದ ಪ್ರೇರಣೆ ಪಡೆದವರು ಇಲ್ಲಿ ಶಾಲೆ ಕಟ್ಟಿದರು. ಎರಡು ವರ್ಷದಲ್ಲಿ, 1919ಕ್ಕೆ, ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಡಿಸಿತು. ಮೇಷ್ಟ್ರು ಮತ್ತು ವಿದ್ಯಾರ್ಥಿಗಳು ಸೇರಿ ಕಟ್ಟಿಕೊಂಡ ಸಂಘವೊಂದು ಕನ್ನಡಕ್ಕೆ ಇಂಥ ಪತ್ರಿಕೆ ಕೊಡಬಲ್ಲದು ಎಂದು ಗೊತ್ತಾದ ಮೇಲೆ ಸಂಘವಿಲ್ಲದ ಕಾಲೇಜು ಅಪರೂಪವಾಯಿತು, ಹೈಸ್ಕೂಲುಗಳೂ ಅದೇ ಹಾದಿ ಹಿಡಿದವು. 1938ರಲ್ಲಿ ಆರ್. ಕಲ್ಯಾಣಮ್ಮನವರು ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟ ಕಟ್ಟಿದರು. ಶಾಲೆಯ ಹಂಗಿಲ್ಲದೆ ಮಕ್ಕಳಿಗೆಂದೇ ಒಂದು ಜಾಗ ಬೇಕು ಎಂಬ ಹೆಣ್ಣುಮಗಳೊಬ್ಬರ ಹಟ ಅದು. ಇವತ್ತಿಗೂ ಅಲ್ಲಿಯ ವೃತ್ತಕ್ಕೆ ಅದೇ ಹೆಸರಿದೆ. 1945 ಬಸವನಗುಡಿಗೆ ತುಂಬಿದ ವರ್ಷ: ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ, ನ್ಯಾಷನಲ್ ಕಾಲೇಜು, ಮೂರೂ ಆಗಲೇ ಹುಟ್ಟಿದವು. ಸಂಜೆ ಶಾಲೆ ಬಿಟ್ಟ ಹುಡುಗನಿಗೆ ನಡೆದು ಹೋಗುವಷ್ಟು ದೂರದಲ್ಲೇ ಓದುವ ಕೋಣೆಯಿತ್ತು, ಉಪನ್ಯಾಸದ ಸಭಾಂಗಣವಿತ್ತು, ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನದ ದೋಸೆಯೂ ಇತ್ತು. ಆ ಹೋಟೆಲಿಗೆ ಹೆಸರು ಬಂದದ್ದೇ ಸುತ್ತಲಿನ ಶಾಲೆಗಳ ಹುಡುಗರಿಂದ.

ಸಂಘದ ಕೆಲಸ ನಡೆಯುವ ರೀತಿ ಕನ್ನಡ ನಾಡಿನ ಶಾಲೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಜೂನ್ ತಿಂಗಳಲ್ಲಿ ಶಾಲೆ ಶುರುವಾಗಿ ಮಕ್ಕಳು ಒಂದು ಹದಕ್ಕೆ ಬಂದ ಮೇಲೆ ಸಂಘಗಳ ಉದ್ಘಾಟನೆ. ಒಬ್ಬ ಮೇಷ್ಟ್ರು ಅಧ್ಯಕ್ಷರು. ಕಾರ್ಯದರ್ಶಿ ಮಾತ್ರ ವಿದ್ಯಾರ್ಥಿಯೇ ಆಗಬೇಕು. ಪ್ರಾರ್ಥನೆಗೆ ಒಬ್ಬಳು, ಸ್ವಾಗತಕ್ಕೆ ಒಬ್ಬ, ಅತಿಥಿಗಳ ಪರಿಚಯಕ್ಕೆ ಇನ್ನೊಬ್ಬಳು, ವಂದನಾರ್ಪಣೆಗೆ ಮತ್ತೊಬ್ಬ. ವಂದನಾರ್ಪಣೆಯ ಪಾಲು ಸಾಮಾನ್ಯವಾಗಿ ಅತಿ ನಾಚಿಕೆಯ ಹುಡುಗನಿಗೆ ಬೀಳುತ್ತದೆ, ಮಾತು ಕಡಿಮೆಯಲ್ಲವೇ ಎಂದು. ಮೈಕಿಗೂ ಧ್ವನಿವರ್ಧಕದವರಿಗೂ ಕೃತಜ್ಞತೆ ಹೇಳಿ ಮುಗಿಸುವ ಆ ಎರಡು ನಿಮಿಷ ಅವನ ಜೀವಮಾನದ ಮೊದಲ ಭಾಷಣ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಆಶುಭಾಷಣ. ಡಬ್ಬಿಯಲ್ಲಿ ಚೀಟಿಗಳಿರುತ್ತವೆ. ಎತ್ತಿದ ಚೀಟಿಯಲ್ಲಿ ‘ಮಳೆ’ ಎಂದಿರಬಹುದು, ‘ಪೋಸ್ಟ್‌ಮ್ಯಾನ್’ ಎಂದಿರಬಹುದು, ‘ನಾನು ಮುಖ್ಯೋಪಾಧ್ಯಾಯನಾದರೆ’ ಎಂದೂ ಇರಬಹುದು. ಯೋಚನೆಗೆ ಸಿಗುವುದು ಹಿಂದಿನವರು ಮಾತು ಮುಗಿಸುವಷ್ಟು ಹೊತ್ತು ಮಾತ್ರ. ಮಾತಿಗೆ ಮೂರು ನಿಮಿಷ, ಕೊನೆಯ ನಿಮಿಷಕ್ಕೊಂದು ಗಂಟೆ. ಚರ್ಚಾಸ್ಪರ್ಧೆಗೆ ಮನೆಯಲ್ಲಿ ಅಪ್ಪನೋ ಅಕ್ಕನೋ ಬರೆದುಕೊಟ್ಟದ್ದನ್ನು ಉರು ಹೊಡೆದು ಬರಬಹುದು. ಇಲ್ಲಿ ಆ ಆಸರೆಯಿಲ್ಲ. ಮಗು ತಡವರಿಸುತ್ತದೆ, ಚಾವಣಿ ನೋಡುತ್ತದೆ, ಆಮೇಲೆ ತನ್ನ ಮನೆಯ ಸೋರುವ ಮಾಡನ್ನೋ ತಮ್ಮ ಬೀದಿಯ ಪೋಸ್ಟ್‌ಮ್ಯಾನನ್ನೋ ಹಿಡಿದು ಮಾತು ಶುರುಮಾಡುತ್ತದೆ. ಆ ಕ್ಷಣದಿಂದ ಅದು ಹೇಳುವುದೆಲ್ಲ ಅದರದೇ ಸ್ವಂತ ಮಾತು. ಗೋಡೆ ಪತ್ರಿಕೆ, ಕೈಬರಹದ ಪತ್ರಿಕೆ, ರಸಪ್ರಶ್ನೆ ಎಲ್ಲಕ್ಕೂ ಅವುಗಳದೇ ಸೊಗಸಿದೆ, ಆದರೆ ಡಬ್ಬಿಯೊಳಗಿನ ಆ ಚೀಟಿಗೆ ಸಮನಾದದ್ದು ನನಗೆ ಕಂಡಿಲ್ಲ.

ಸಂಘಗಳಲ್ಲಿ ಇನ್ನೊಂದು ಬಗೆಯೂ ಇದೆ. ಅಮೆರಿಕದ ಪ್ರೌಢಶಾಲೆಗಳಲ್ಲಿ ಗೌರವ ಸಂಘಗಳೆಂದೇ ಇವೆ. ಅಲ್ಲಿಯ ರಾಷ್ಟ್ರೀಯ ಗೌರವ ಸಂಘ 1921ರಲ್ಲಿ ಶುರುವಾಯಿತು. ವಿದ್ಯೆ, ಸೇವೆ, ನಾಯಕತ್ವ, ನಡತೆ ಈ ನಾಲ್ಕನ್ನೂ ನೋಡಿ ಆಯ್ದ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುತ್ತಾರೆ. ರೋಟರಿಯವರ ಇಂಟರ‍್ಯಾಕ್ಟ್ ಕ್ಲಬ್ ಮೊದಲಾದದ್ದೂ ಅಲ್ಲೇ, 1962ರಲ್ಲಿ, ಫ್ಲಾರಿಡಾದ ಒಂದು ಹೈಸ್ಕೂಲಿನಲ್ಲಿ. ಅದು ಈಗ ನಮ್ಮ ಶಾಲೆಗಳಿಗೂ ಬಂದಿದೆ. ನಮ್ಮಲ್ಲಿ ಗೌರವವೆಂದರೆ ಆಫೀಸಿನ ಮುಂದಿನ ಮರದ ಹಲಗೆ: ಇಸವಿ, ಹೆಸರು, ಎಸ್ಸೆಸ್ಸೆಲ್ಸಿಯಲ್ಲಿ ಬಂದ ಅಂಕ. ಸ್ಕೌಟ್ ಮಕ್ಕಳಿಗೆ ರಾಷ್ಟ್ರಪತಿ ಪುರಸ್ಕಾರದ ಕನಸು. ಗೆದ್ದ ತಂಡಕ್ಕೆ ಒಂದು ವರ್ಷ ಇಟ್ಟುಕೊಂಡು ಹಿಂದಿರುಗಿಸಬೇಕಾದ ರೋಲಿಂಗ್ ಶೀಲ್ಡ್. ಹಲಗೆಯ ಮೇಲೆ ಹೆಸರು ಬರುವುದು ವರ್ಷಕ್ಕೆ ಒಬ್ಬರದೋ ಇಬ್ಬರದೋ. ಸಂಘದ ವೇದಿಕೆ ಹತ್ತುವುದಕ್ಕೆ ಅಂಕ ಕೇಳುವವರಿಲ್ಲ. ಈ ಎರಡರಲ್ಲಿ ಒಂದನ್ನು ಉಳಿಸಿಕೊಳ್ಳಿ ಎಂದರೆ ನಾನು ವೇದಿಕೆಯನ್ನೇ ಉಳಿಸಿಕೊಳ್ಳುವೆ.

ಗಾಂಧೀಜಿಯ ಮಾತನ್ನು ಕನ್ನಡಕ್ಕೆ ಹೇಳಿದ ಆ ನರಸಿಂಹಯ್ಯನ ಮುಂದಿನ ಕಥೆ ನಾಡಿಗೆ ಗೊತ್ತಿರುವುದೇ. 1942ರಲ್ಲಿ ಓದು ಬಿಟ್ಟು ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಸೇರಿದ. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕನಾದ. 1960ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಅದೇ ಖಾದಿ, ಅದೇ ಟೋಪಿಯಲ್ಲಿ ಬಸವನಗುಡಿಗೇ ಹಿಂದಿರುಗಿ ಪ್ರಿನ್ಸಿಪಾಲರಾದರು. ಎಲ್ಲರ ಬಾಯಲ್ಲೂ ಎಚ್ಚೆನ್. ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ಕಾಲೇಜಿನ ಹಾಸ್ಟೆಲಿನ ಕೋಣೆಯೇ ಮನೆ. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ವಾಸ ಅಲ್ಲೇ, 1984ರಲ್ಲಿ ಪದ್ಮಭೂಷಣ ಬಂದ ಮೇಲೂ ಅಲ್ಲೇ. ದಿನವೂ ವಿದ್ಯಾರ್ಥಿಗಳ ನಡುವೆಯೇ ಬದುಕಿದವರಿಗೆ ಆ ಮಕ್ಕಳ ಸಂಜೆಗಳು ಹೇಗೆ ಕಳೆಯುತ್ತವೆ ಎಂಬುದು ಕಣ್ಣೆದುರಿಗೇ ಇತ್ತು.

1962ರಲ್ಲಿ ಅವರು ಬೆಂಗಳೂರು ವಿಜ್ಞಾನ ವೇದಿಕೆಯನ್ನು ಶುರುಮಾಡಿದರು. ಶಾಲೆಯ ವಿಜ್ಞಾನ ಸಂಘವೇ ದೊಡ್ಡದಾಗಿ ಬೆಳೆದು ಊರಿಗೆಲ್ಲ ಬಾಗಿಲು ತೆರೆದಂತೆ ಅದು. ಪ್ರತಿ ಬುಧವಾರ ಸಂಜೆ ಒಬ್ಬ ವಿಜ್ಞಾನಿ ಬಂದು ತಮ್ಮ ವಿಷಯ ಹೇಳಬೇಕು. ಕೇಳುವುದಕ್ಕೆ ಯಾರು ಬೇಕಾದರೂ ಬರಬಹುದು, ಕಾಸು ಕೊಡಬೇಕಿಲ್ಲ. ಜುಲೈ ಬಂದರೆ ಸಾಲು ಸಾಲು ಉಪನ್ಯಾಸಗಳ ಹಬ್ಬ. ಪ್ರೊಫೆಸರು, ನಿವೃತ್ತ ಗುಮಾಸ್ತರು, ಹೈಸ್ಕೂಲು ಹುಡುಗರು ಎಲ್ಲರಿಗೂ ಒಂದೇ ಸಾಲಿನ ಕುರ್ಚಿ. ಸಂಗೀತ ನಾಟಕಗಳಿಗೆಂದು ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಅವರೇ ಕಟ್ಟಿದರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದು ಎಂಬುದು ಅವರ ಜೀವನದ ನಿಲುವು. ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ್ದೂ ಅದೇ ನಿಲುವಿನಿಂದ. ಅದಕ್ಕಾಗಿ ಬೈಸಿಕೊಂಡರು, ಹಿಂದೆಗೆಯಲಿಲ್ಲ. ಅವರ ‘ಹೋರಾಟದ ಹಾದಿ’ ಓದಿದವರಿಗೆ ಶಾಲೆಯೊಂದು ಒಬ್ಬ ಮನುಷ್ಯನನ್ನು ಹೇಗೆ ರೂಪಿಸುತ್ತದೆಂಬುದು ಹೆಜ್ಜೆಹೆಜ್ಜೆಗೂ ಕಾಣುತ್ತದೆ.

ಈಗಲೂ ಈ ಬಡಾವಣೆಗಳ ಶಾಲೆಗಳಲ್ಲಿ ಸಂಘಗಳಿವೆ, ಹೆಸರಿಗೇನೂ ಕೊರತೆಯಿಲ್ಲ: ಇಕೋ ಕ್ಲಬ್, ಗಣಿತ ಕ್ಲಬ್, ಇಂಟರ‍್ಯಾಕ್ಟ್, ರೊಬೊಟಿಕ್ಸ್. ಕೊರತೆಯಾಗಿರುವುದು ಹೊತ್ತು. ವೇಳಾಪಟ್ಟಿಯಲ್ಲಿ ಸಂಘದ ಅವಧಿ ಎಂದು ಬರೆದಿರುತ್ತದೆ. ಹತ್ತನೇ ತರಗತಿಗೆ ಬರುವಷ್ಟರಲ್ಲಿ ಅದನ್ನು ಗಣಿತವೋ ವಿಜ್ಞಾನವೋ ನುಂಗಿರುತ್ತದೆ, ಏಕೆಂದರೆ 625ರಲ್ಲಿ ಎಷ್ಟು ಎಂದು ಕೇಳುವವರು ಶಾಲೆಯಲ್ಲೂ ಇದ್ದಾರೆ, ಮನೆಯಲ್ಲೂ ಇದ್ದಾರೆ. ಕೊನೆಯ ಗಂಟೆ ಹೊಡೆಯುವ ಮೊದಲೇ ಗೇಟಿನಲ್ಲಿ ವ್ಯಾನುಗಳು ಸಾಲುಗಟ್ಟಿರುತ್ತವೆ. ಒಂದು ಮಗುವನ್ನು ಸಂಘಕ್ಕೆಂದು ಉಳಿಸಿಕೊಂಡರೆ ಮನೆಗೆ ಕಳಿಸುವ ಚಿಂತೆ ಮೇಷ್ಟ್ರ ತಲೆಗೆ. ಅವರನ್ನು ದೂರಲಾರೆ. ನಿಂತ ಮೇಷ್ಟ್ರಿಗೆ ಸಂಬಳ ಹೆಚ್ಚಲಿಲ್ಲ, ನಿಲ್ಲದವರನ್ನು ಯಾರೂ ಕೇಳಲೂ ಇಲ್ಲ. ಆದರೂ ಕೆಲವರು ಇಂದಿಗೂ ನಿಲ್ಲುತ್ತಾರೆ, ಚೀಟಿ ಬರೆದು ಡಬ್ಬಿ ತುಂಬಿಸುತ್ತಾರೆ. ಶಾಲೆಗಳ ಆಡಳಿತ ಮಂಡಳಿಗಳು ಆ ಒಂದು ಗಂಟೆಯನ್ನು ಅವರ ಕೆಲಸದ ಹೊತ್ತಿಗೇ ಸೇರಿಸಿ ಲೆಕ್ಕ ಹಾಕಬೇಕೆಂದು ನನ್ನ ಒತ್ತಾಯ.

ಎಚ್ಚೆನ್ 2005ರ ಜನವರಿ 31ರಂದು ತೀರಿಕೊಂಡರು. ಅವರ ನಂತರವೂ ಬುಧವಾರದ ಉಪನ್ಯಾಸಗಳನ್ನು ಅವರ ಒಡನಾಡಿಗಳು ನಡೆಸಿಕೊಂಡು ಬಂದರು. ಹೈಸ್ಕೂಲಿನಿಂದ ಕಾಲೇಜಿನ ಸಭಾಂಗಣಕ್ಕೆ ನಡೆದು ಹೋಗುವುದು ದೂರವೇನಲ್ಲ. ಎಂಟನೇ ತರಗತಿಯ ಮಕ್ಕಳನ್ನು ಮೇಷ್ಟ್ರೊಬ್ಬರು ಕರೆದುಕೊಂಡು ಹೊರಟರೆ ಉಪನ್ಯಾಸಕ್ಕೆ ಮೊದಲೇ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಬಹುದು. ಆದರೆ ಆ ಹೊತ್ತಿಗೆ ಈಗಿನ ಎಂಟನೇ ತರಗತಿಯ ಮಕ್ಕಳು ಟ್ಯೂಷನ್ನಿನಲ್ಲಿರುತ್ತಾರೆ.