‘ಕಸ’ವಲ್ಲದ ಆರ್‌ಎನ್‌ಎ: ನನ್ನ ಪಾಠಕ್ಕೊಂದು ತಿದ್ದುಪಡಿ

ದ್ವಿತೀಯ ಪಿಯುಸಿ ತರಗತಿಯಲ್ಲಿ ಅಂದು ನನ್ನ ಆರನೆಯ ಅಭ್ಯಾಸ ಪಾಠ. ಡಿಎನ್‌ಎಯಿಂದ ಆರ್‌ಎನ್‌ಎ, ಅದರಿಂದ ಪ್ರೋಟೀನ್ ಎಂದು ಕಪ್ಪುಹಲಗೆಯ ಮೇಲೆ ಬಾಣ ಎಳೆದು, ನಮ್ಮ ಜೀನೋಮಿನಲ್ಲಿ ಪ್ರೋಟೀನಿಗೆ ಸಂಕೇತ ನೀಡುವ ಭಾಗ ಶೇ. 2ಕ್ಕಿಂತ ಕಡಿಮೆ ಎಂದೆ. ‘ಉಳಿದ ಭಾಗದಿಂದ ಬರುವ ಆರ್‌ಎನ್‌ಎ ಏನು ಮಾಡುತ್ತೆ?’ ಎಂದಳು ಒಬ್ಬ ವಿದ್ಯಾರ್ಥಿನಿ. ‘ಬಹುಪಾಲು ಕಸ’ ಎಂದುಬಿಟ್ಟೆ. ಪ್ರೋಟೀನಾಗದ ಟಿ-ಆರ್‌ಎನ್‌ಎಯನ್ನು ಹಿಂದಿನ ವಾರ ನಾನೇ ಕಲಿಸಿದ್ದೆ! ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಆ ಮಾತಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು.

ಮುಂದಿನ ಪಾಠದಲ್ಲಿ ತಪ್ಪೊಪ್ಪಿಕೊಂಡು ಒಂದೇ ಉದಾಹರಣೆ ತೆಗೆದುಕೊಂಡೆ: ಗ್ಯಾಸ್5.

ಒತ್ತಡದಲ್ಲಿ ಹೆಚ್ಚುವ ಕಾರ್ಟಿಸಾಲ್ ಹಾರ್ಮೋನು ಕೋಶದೊಳಗೆ ನುಗ್ಗಿ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕಕ್ಕೆ ಅಂಟುತ್ತದೆ. ಮನುಷ್ಯರಲ್ಲಿರುವ 48 ಕೋಶಕೇಂದ್ರ ಗ್ರಾಹಕಗಳಲ್ಲಿ ಇದೂ ಒಂದು. ಅದು ಕೋಶಕೇಂದ್ರಕ್ಕೆ ಹೋಗಿ, ಡಿಎನ್‌ಎಯ ನಿರ್ದಿಷ್ಟ ಆಸನದಲ್ಲಿ ಕುಳಿತು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಪೋಷಕಾಂಶ ಸಿಗದೆ ಬೆಳವಣಿಗೆ ನಿಂತ ಕೋಶದಲ್ಲಿ ಗ್ಯಾಸ್5 ಆರ್‌ಎನ್‌ಎ ಶೇಖರವಾಗುತ್ತದೆ. ಅದರ ಒಂದು ಮಡಿಕೆ ಆ ಆಸನವನ್ನೇ ಹೋಲುವುದರಿಂದ ಗ್ರಾಹಕ ಮೋಸಹೋಗಿ ಅಲ್ಲಿ ಕೂರುತ್ತದೆ. ಡಿಎನ್‌ಎಯ ಆಸನ ಖಾಲಿ ಉಳಿಯುತ್ತದೆ. ಇದು ವರದಿಯಾದದ್ದು 2010ರಲ್ಲಿ.

‘ಒಂಟಿ ಎಳೆ ಜೋಡಿ ಎಳೆಯ ವೇಷ ಹಾಕೋದು ಹೇಗೆ ಸಾರ್?’ ಈ ಪ್ರಶ್ನೆಗೆ ಸಿದ್ಧನಾಗಿದ್ದೆ. ಎ, ಯು, ಜಿ, ಸಿ ಬರೆದ ಕಾಗದದ ಪಟ್ಟಿಗಳನ್ನು ಹಂಚಿ, ಎ ಎದುರು ಯು, ಜಿ ಎದುರು ಸಿ ಬರುವಂತೆ ಮಡಿಸಲು ಹೇಳಿದೆ. ಎಲ್ಲರ ಕೈಯಲ್ಲೂ ಹೇರ್‌ಪಿನ್ ಮೂಡಿತು. ಆದರೆ ಹಾರ್ಮೋನು ಕೀಲಿಕೈ, ಗ್ರಾಹಕ ಬೀಗ ಎಂಬ ನನ್ನ ಹಳೆಯ ಹೋಲಿಕೆ ಇಲ್ಲಿ ಗೊಂದಲ ತಂದಿತು, ಏಕೆಂದರೆ ಡಿಎನ್‌ಎಯ ಮುಂದೆ ಗ್ರಾಹಕವೇ ಕೀಲಿಕೈ. ಈ ಪಾಠಕ್ಕೆ ‘ಆಸನ’ವೇ ವಾಸಿ.

ಎಲ್ಲ ಆರ್‌ಎನ್‌ಎಗಳೂ ತಡೆಯುವುದಿಲ್ಲ. 1999ರಲ್ಲಿ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ತಂಡ ವರದಿ ಮಾಡಿದ ಎಸ್‌ಆರ್‌ಎ ಸ್ಟೀರಾಯ್ಡ್ ಗ್ರಾಹಕಗಳ ಕೆಲಸವನ್ನು ಹೆಚ್ಚಿಸುತ್ತದೆ. ಆ ಜೀನಿನಿಂದ ಪ್ರೋಟೀನೂ ಬರುತ್ತದೆಂದು ಆಮೇಲೆ ತಿಳಿಯಿತು. ನಮ್ಮ ವರ್ಗೀಕರಣದ ಗೆರೆ ಅಷ್ಟು ನೇರವಲ್ಲ.

ಪ್ರೆಡ್ನಿಸೊಲೋನ್ ಮಾತ್ರೆಯೂ ಇದೇ ಗ್ರಾಹಕದ ಮೂಲಕ ಕೆಲಸ ಮಾಡುತ್ತದೆ ಎಂದಾಗ ಅದೇ ಹುಡುಗಿ, ‘ನಮ್ಮಜ್ಜಿಗೆ ಆ ಮಾತ್ರೆ ನಾಟದಿರೋದು ಗ್ಯಾಸ್5ನಿಂದಲಾ?’ ಎಂದಳು. ಕೋಶಗಳ ಮೇಲಿನ ಪ್ರಯೋಗದಿಂದ ಅಜ್ಜಿಯ ಕಾಯಿಲೆಗೆ ಜಿಗಿಯಲಾಗದು, ಮಾತ್ರೆಯ ವಿಷಯ ವೈದ್ಯರನ್ನೇ ಕೇಳಬೇಕು ಎಂದೆ. ಈ ಸಲ ಉತ್ತರಿಸುವ ಮೊದಲು ತುಸು ಹೊತ್ತು ತೆಗೆದುಕೊಂಡಿದ್ದೆ.