ಸೀಟಿನ ದಲ್ಲಾಳಿ ಮತ್ತು 'ಪ್ರತಿಭೆ'ಯ ಲೆಕ್ಕ

ವಿಮರ್ಶೆಯ ಸಂಚಿಕೆಯಲ್ಲಿ ಕಾಲೇಜು ಸೀಟಿನ ಮಾತೇಕೆ ಎಂದು ಗೆಳೆಯರು ಕೇಳಬಹುದು. ಕಾವ್ಯ, ಕಾದಂಬರಿಯೊಳಗಿನ ಜಾತಿಯನ್ನು ಓದಿ ತೋರಿಸುವುದಷ್ಟೇ ದಲಿತ ವಿಮರ್ಶೆಯಲ್ಲ. 'ಪ್ರತಿಭೆ' ಎಂಬುದೂ ಒಂದು ಪಠ್ಯವೇ. ಅದಕ್ಕೆ ಬೆಲೆ ಕಟ್ಟುವವರು ಯಾರು ಎಂದು ಕೇಳಲೇಬೇಕಾಗಿದೆ.

ಕರ್ನಾಟಕ 1984ರಲ್ಲೇ ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ಕಾಯ್ದೆ ತಂದಿತು. ಆದರೆ ಮುಂದೆ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಸರ್ಕಾರವೇ ದರ ಬರೆದುಕೊಟ್ಟಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. 1992ರ ಮೋಹಿನಿ ಜೈನ್ ತೀರ್ಪು ಇದನ್ನು ಕ್ಯಾಪಿಟೇಶನ್ನೇ ಎಂದು ಕರೆಯಿತು. 1993ರಲ್ಲಿ ಉನ್ನಿಕೃಷ್ಣನ್ ತೀರ್ಪು, 1994ರಲ್ಲಿ ಸಿಇಟಿ ಬಂದವು. 2005ರ ಇನಾಮದಾರ ತೀರ್ಪು ಅನುದಾನರಹಿತ ಖಾಸಗಿ ಕಾಲೇಜಿನ ಮೇಲೆ ಮೀಸಲಾತಿ ಹೇರಬಾರದೆಂದಾಗ ಸಂವಿಧಾನಕ್ಕೆ 93ನೇ ತಿದ್ದುಪಡಿ ತಂದು 15(5)ನೇ ವಿಧಿ ಸೇರಿಸಬೇಕಾಯಿತು. ಕಾನೂನಿನ ಬಾಗಿಲು ತೆರೆಯಿತು. ಮ್ಯಾನೇಜ್‌ಮೆಂಟ್ ಕೋಟಾದ ಹಿತ್ತಲ ಬಾಗಿಲಿಗೆ ಮಾತ್ರ ಇವತ್ತಿಗೂ ರೊಕ್ಕವೇ ಕೀಲಿಕೈ.

ಈ ಹಿತ್ತಲಲ್ಲಿ ನಿಂತವನೇ ಕನ್ಸಲ್ಟಂಟ್. 'ಸೀಟ್ ಕೊಡಸ್ತೀವ್ರಿ, ಚಿಂತಿ ಬಿಡ್ರಿ' ಅಂತಾನೆ. ಅವನು ಮಾರುವುದೇನು? ಬಹುಪಾಲು ಪುಕ್ಕಟೆ ಸಿಗುವ ಮಾಹಿತಿಯನ್ನೇ. ಗ್ರಾಮೀಣ ಅಭ್ಯರ್ಥಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಪರಿಶಿಷ್ಟ ಜಾತಿಯ ಒಳಗೂ ಇದು ಅನ್ವಯ. ಪಟ್ಟಿಯಲ್ಲಿ ಎಸ್‌ಸಿಜಿ, ಎಸ್‌ಸಿಆರ್, ಎಸ್‌ಸಿಕೆ ಎಂದು ಬೇರೆ ಬೇರೆ ಕಾಣುವುದು ಅದಕ್ಕೇ. ಅರ್ಜಿಯಲ್ಲಿ ಕೇಳದಿದ್ದರೆ ಹಕ್ಕು ಹೋಯಿತು. ಇಂಜಿನಿಯರಿಂಗ್ ಸೀಟು ಹಂಚಿಕೆಯಾದ ಮೇಲಿನ ನಾಲ್ಕು ಆಯ್ಕೆಗಳೂ ಹಾಗೆಯೇ. ಮೊದಲನೆಯದು ಒಪ್ಪಿ ಸೇರುವುದು, ಎರಡನೆಯದು ಸೀಟು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಹೋಗುವುದು, ಮೂರನೆಯದು ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಹೊರಬೀಳುವುದು. ಎರಡು ಒತ್ತಬೇಕಾದಲ್ಲಿ ಮೂರು ಒತ್ತಿದರೆ ಕೈಯಲ್ಲಿದ್ದ ಸೀಟೂ ಇಲ್ಲ.

ಮೇಲ್ಜಾತಿಯ ಮನೆಯಲ್ಲಿ ಇದನ್ನು ಹೇಳಿಕೊಡಲು ಇಂಜಿನಿಯರ್ ಕಾಕಾ, ಡಾಕ್ಟರ್ ಅತ್ತಿ ಇರುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕೇರಿಯಿಂದ ಮೊದಲ ಸಲ ಪಿಯುಸಿ ಪಾಸಾದ ಹುಡುಗಿಗೆ ಯಾರಿದ್ದಾರೆ? ಆ ಕಾಕಾನ ಜಾಗಕ್ಕೆ ದಲ್ಲಾಳಿ ಬರುತ್ತಾನೆ. ತಲೆಗಿಷ್ಟು ಎಂದು ಕಾಲೇಜಿನಿಂದ ಕಮಿಷನ್ ಪಡೆಯುವವನು ಸರ್ಕಾರಿ ಕೋಟಾದ ದಾರಿ ತೋರಿಸುವುದುಂಟೆ? ಹೊಲ ಒತ್ತೆ ಬಿದ್ದಮೇಲೆ ತಂದೆಗೆ ಗೊತ್ತಾಗುವುದು, ಮಗಳ ರ್ಯಾಂಕಿಗೆ ಸರ್ಕಾರಿ ಸೀಟೇ ಸಿಗುತ್ತಿತ್ತೆಂದು.

2024ರ ಕೊನೆಯಲ್ಲಿ ಇಂಜಿನಿಯರಿಂಗ್ ಸೀಟು ಬ್ಲಾಕಿಂಗ್ ಪ್ರಕರಣ ಬೆಂಗಳೂರಿನ ಪೊಲೀಸರ ಕೈಗೆ ಹೋಯಿತು. ಸೇರುವ ಮನಸ್ಸೇ ಇಲ್ಲದವರ ಹೆಸರಲ್ಲಿ ಸೀಟು ಹಿಡಿದು, ಕೊನೆಗೆ ಖಾಲಿ ಬಿಟ್ಟು, ಕಾಲೇಜಿನ ಕೈಗೆ ದಾಟಿಸುವ ಆಟ ಇದು. ಮೀಸಲಾತಿಯಿಂದ ಪ್ರತಿಭೆ ಸತ್ತಿತೆಂದು ಅಳುವವರು ಈ ಆಟದ ಬಗ್ಗೆ ಅತ್ತದ್ದನ್ನು ನಾನು ಕಂಡಿಲ್ಲ. ಜಾತಿಯಿಂದ ಬಂದ ಸೀಟು 'ಭಿಕ್ಷೆ', ರೊಕ್ಕದಿಂದ ಬಂದದ್ದು 'ಹಕ್ಕು'! ಈ ವ್ಯಾಕರಣವನ್ನು ಒಡೆಯುವುದು ವಿಮರ್ಶೆಯ ಕೆಲಸ.

ಜತೆಗೆ ಇನ್ನೊಂದು ಕೆಲಸವಿದೆ. ನಮ್ಮ ಸಂಘಟನೆಗಳು, ಹಾಸ್ಟೆಲಿನ ಹಿರಿಯ ಹುಡುಗರು ಪ್ರತಿ ಬೇಸಿಗೆಯಲ್ಲಿ ಒಂದು ತಿಂಗಳು ತಾಲ್ಲೂಕಿಗೊಂದು ಮೇಜು ಹಾಕಿ ಕೂಡಬೇಕು. ಜಾತಿ, ಆದಾಯ ಪ್ರಮಾಣಪತ್ರ ನೋಡಬೇಕು, ಆಯ್ಕೆಗಳ ಪಟ್ಟಿಯನ್ನು ಓದಿ ಹೇಳಬೇಕು. ಭಾಷಣಕ್ಕಿಂತ ಇದು ಸಣ್ಣದೆಂದು ಯಾರೂ ತಿಳಿಯಬಾರದು. ಆ ಮೇಜಿನ ಮುಂದೆ ಕೂತ ಹುಡುಗಿಗೆ ಅವಳ ಮನೆಯಲ್ಲಿಲ್ಲದ ಕಾಕಾ ನಾವೇ ಆಗಬೇಕು.