ವಿಷದ ಗಡ್ಡೆಯೊಳಗೆ ನೀರಿನ ದಾರಿ

ಕೆನಡಾದ ನೋವಾ ಸ್ಕೋಷಿಯಾದಲ್ಲಿ ಸಿಡ್ನಿ ಎಂಬ ಊರಿದೆ. ಅಲ್ಲಿನ ಉಕ್ಕಿನ ಕಾರ್ಖಾನೆ, ಕೋಕ್ ಒಲೆಗಳು ಸುಮಾರು ನೂರು ವರ್ಷ ಹೊರಬಿಟ್ಟ ಟಾರು, ರಾಸಾಯನಿಕಗಳು ಪಕ್ಕದ ಅಳಿವೆಯಲ್ಲಿ ಸೇರಿ ಲಕ್ಷಾಂತರ ಟನ್ ವಿಷದ ಕೆಸರಾದವು. ಸುಡುವ ಯೋಜನೆಗೆ ವಿರೋಧ ಬಂತು. ಕೊನೆಗೆ ಕೆಸರಿಗೆ ಸಿಮೆಂಟ್ ಕಲಸಿ ಇದ್ದಲ್ಲಿಯೇ ಗಟ್ಟಿ ಮಾಡಿದರು. 2013ರಲ್ಲಿ ಅದರ ಮೇಲೆ ಉದ್ಯಾನವೇ ತೆರೆಯಿತು.

ಸಿಮೆಂಟ್ ಎಲ್ಲ ವಿಷವನ್ನೂ ನಾಶ ಮಾಡುವುದಿಲ್ಲ, ಹಿಡಿದಿಡುತ್ತದೆ. ಹಾಗಾಗಿ ಗಡ್ಡೆ ಎಷ್ಟು ಗಟ್ಟಿ ಎಂಬುದಕ್ಕಿಂತ ಅದರೊಳಗೆ ನೀರು ಎಷ್ಟು ಸಲೀಸಾಗಿ ಹಾಯುತ್ತದೆ ಎಂಬುದೇ ನನಗೆ ದೊಡ್ಡ ಪ್ರಶ್ನೆ. ನೀರು ಸುಲಭದ ದಾರಿ ಹುಡುಕುತ್ತದೆ. ಗಡ್ಡೆ ಸುತ್ತಲಿನ ಮಣ್ಣಿಗಿಂತ ಬಹಳ ಬಿಗಿಯಾಗಿದ್ದರೆ ಅಂತರ್ಜಲ ಅದನ್ನು ಸುತ್ತಿಕೊಂಡು ಹೋಗುತ್ತದೆ. ಆಗ ಒಳಗಿನ ವಿಷ ಅಂಚಿನಿಂದ ಅಷ್ಟಷ್ಟೇ ಜಿನುಗಬೇಕು.

ನೀರು ಎಷ್ಟು ಸಲೀಸಾಗಿ ಹಾಯುತ್ತದೆ ಎಂದು ಅಳೆಯುವ ಸೂತ್ರ 1856ರದು. ಫ್ರಾನ್ಸಿನ ದಿಜೋನ್ ನಗರಕ್ಕೆ ನೀರು ತಂದ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳಿನಲ್ಲಿ ನೀರು ಹರಿಸಿ ಕಂಡುಕೊಂಡದ್ದು. ಈಗ ಸಿಮೆಂಟ್ ಬೆರೆಸಿದ ತ್ಯಾಜ್ಯದ ಸಿಲಿಂಡರನ್ನು ಸಾಮಾನ್ಯವಾಗಿ 28 ದಿನ ತೇವದಲ್ಲಿಟ್ಟು, ರಬ್ಬರ್ ಪೊರೆ ತೊಡಿಸಿ, ಹೊರಗಿನಿಂದ ಒತ್ತಡ ಕೊಟ್ಟು, ಒಂದು ತುದಿಯಿಂದ ನೀರು ನೂಕುತ್ತಾರೆ. ಪೊರೆ ಮೈಗಂಟಿದರೆ ನೀರು ಪಕ್ಕದಿಂದ ನುಸುಳುವುದಿಲ್ಲ. ನುಸುಳಿದರೆ ಒಳ್ಳೆಯ ಗಡ್ಡೆಯೂ ಕೆಟ್ಟದ್ದಾಗಿ ಕಾಣುತ್ತದೆ.

ಇದಕ್ಕಿಂತ ಅಪಾಯದ ತಪ್ಪು ಗಾಳಿಯದು. ರಂಧ್ರಗಳಲ್ಲಿ ಉಳಿದ ಗುಳ್ಳೆಗಳು ನೀರನ್ನು ತಡೆದು, ಸೋರುವ ಗಡ್ಡೆಯನ್ನೂ ಬಿಗಿಯೆಂದು ತೋರಿಸುತ್ತವೆ. ಅದಕ್ಕೇ ಗಾಳಿ ತೆಗೆದ ನೀರನ್ನು ಒತ್ತಡದಲ್ಲಿ ತುಂಬಿ, ಗುಳ್ಳೆಗಳು ಕರಗುವವರೆಗೆ ಕಾಯಬೇಕು. ದಿನಗಳೇ ಹಿಡಿಯಬಹುದು. ಬೇಗ ಮುಗಿಸಲೆಂದು ನೀರಿನ ಒತ್ತಡ ಏರಿಸಿದರೆ ಮಾದರಿಯೇ ಬಿರುಕು ಬಿಡಬಹುದು. ಇಲ್ಲಿ ಆತುರಕ್ಕೆ ಜಾಗವಿಲ್ಲ.

ಇಂಥ ಕಾಮಗಾರಿಗಳಲ್ಲಿ ನೀರು ಹಾಯುವಿಕೆಗೆ ಹೆಚ್ಚಾಗಿ ಇಡುವ ಗುರಿ ಸೆಕೆಂಡಿಗೆ ಸೆಂಟಿಮೀಟರಿನ 10 ಲಕ್ಷದಲ್ಲೊಂದು ಭಾಗ. ನೀರು ಬರೀ ತನ್ನ ಭಾರದಿಂದ ಕೆಳಗಿಳಿದರೆ ವರ್ಷಕ್ಕೆ ಸುಮಾರು 32 ಸೆಂಟಿಮೀಟರ್ ಎತ್ತರದಷ್ಟು ನೀರು ಹಾಯುತ್ತದೆ. ಅಂತರ್ಜಲದ ಇಳಿಜಾರು ನೂರಕ್ಕೆ ಒಂದಿದ್ದರೆ ಸುಮಾರು 3 ಮಿಲಿಮೀಟರ್ ಮಾತ್ರ.

ಲ್ಯಾಬಿನಲ್ಲಿ ಬಕೆಟ್ ತುಂಬ ಕೆಸರನ್ನು ಚೆನ್ನಾಗಿ ಕಲಸುವುದು ಸುಲಭ. ಆದರೆ ಕೆಸರಿನ ಗುಂಡಿಯಲ್ಲಿ ಎಣ್ಣೆ ಅಂಟಿದ ಉಂಡೆಗಳಿರುತ್ತವೆ, ಎಣ್ಣೆ ಸಿಮೆಂಟ್ ಗಟ್ಟಿಯಾಗುವುದಕ್ಕೆ ಅಡ್ಡಿಯಾಗುತ್ತದೆ. ಸೀಸ, ಸತುವಿನ ಲವಣಗಳೂ ಅದನ್ನು ನಿಧಾನ ಮಾಡುತ್ತವೆ. ಹಾಗಾಗಿ ಯಂತ್ರ ಕಲಸಿದ ಹಸಿ ಮಿಶ್ರಣವನ್ನು ಗುಂಡಿಯಿಂದಲೇ ತೆಗೆದು ಅಚ್ಚಿಗೆ ತುಂಬಿ ಪರೀಕ್ಷಿಸಬೇಕು, ಅದೂ ಒಂದೆರಡು ಕಡೆಯಿಂದಲ್ಲ, ಪ್ರತಿ ಭಾಗದಿಂದ.